ಹೆತ್ತವಳ ವಿಚಾರಣೆ ಬಿಟ್ಟು ತಾಯಿ ಕಾರ್ಡ್ ತೆಗೆಯೋಣ

ಮಗುವಿಗೆ ಆಟಿಸಂ (ಮಾತು, ಬೆರೆಯುವಿಕೆ, ನಡವಳಿಕೆ ಬೇರೆ ರೀತಿಯಲ್ಲಿ ಬೆಳೆಯುವ ಮಿದುಳಿನ ಸ್ಥಿತಿ) ಇದೆ ಎಂದು ಡಾಕ್ಟರು ಹೇಳಿದ ದಿನವೇ ಮನೆಯಲ್ಲಿ ವಿಚಾರಣೆ ಶುರುವಾಗುತ್ತದೆ. ಬಸುರಿಯಿದ್ದಾಗ ಏನು ತಿಂದೆ, ಗ್ರಹಣದ ಹೊತ್ತಲ್ಲಿ ಯಾಕೆ ಹೊರಗೆ ಬಂದೆ, ಜ್ವರಕ್ಕೆ ಯಾವ ಮಾತ್ರೆ ನುಂಗಿದೆ. "ಹೊಟ್ಟೇಲಿದ್ದಾಗ ಮೂರು ಹೊತ್ತೂ ಮೊಬೈಲ್ ಹಿಡ್ಕಂಡಿದ್ದಕ್ಕೇ ಹಿಂಗಾತು" ಎಂಬ ಮಾತು ದಾವಣಗೆರೆಯ ಪೇಟೆ ಮನೆಗಳಲ್ಲೂ ಕೇಳುತ್ತದೆ, ಜಗಳೂರು, ಚಳ್ಳಕೆರೆ ಕಡೆಯ ಹಳ್ಳಿಗಳಲ್ಲೂ ಕೇಳುತ್ತದೆ. ಕೇಳುವವರು ಹತ್ತು ಜನ, ಉತ್ತರ ಕೊಡಬೇಕಾದವಳು ಒಬ್ಬಳು. ಗರ್ಭದಲ್ಲಿ, ಹೆರಿಗೆಯಲ್ಲಿ, ಹುಟ್ಟಿದ ಮೊದಲ ವಾರಗಳಲ್ಲಿ ಆಟಿಸಂನ ಸಾಧ್ಯತೆ ಹೆಚ್ಚಿಸುವ ಅಂಶಗಳು ಇರುವುದು ನಿಜ. ಕೆಲವನ್ನು ತಡೆಯಲೂಬಹುದು. ಆದರೆ ಆ ಪಟ್ಟಿಯಿಂದ ತಾಯಿಯ ತಪ್ಪು ಹುಡುಕಲು ಬರುವುದಿಲ್ಲ. ಯಾವ ಮಗುವಿನ ಬೆಳವಣಿಗೆಯನ್ನು ಬೇಗನೆ, ಹೆಚ್ಚು ಗಮನವಿಟ್ಟು ನೋಡಬೇಕು ಎಂದು ತಿಳಿಯಲು ಮಾತ್ರ ಅದು ಚೆನ್ನಾಗಿ ಬಳಕೆಗೆ ಬರುತ್ತದೆ.

ಮೊದಲು ಜೀನುಗಳ ವಿಷಯ. 1977ರಲ್ಲಿ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದಾದ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡದಿಂದಾದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಅಲ್ಲಿಯವರೆಗೂ ತಾಯಿಗೆ ಮಗುವಿನ ಮೇಲೆ ಅಕ್ಕರೆ ಸಾಲದ್ದರಿಂದ ಆಟಿಸಂ ಬರುತ್ತದೆ ಎಂದು ದೊಡ್ಡ ದೊಡ್ಡ ತಜ್ಞರೇ ಹೇಳುತ್ತಿದ್ದರು. 2019ರಲ್ಲಿ ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ದಾಖಲೆ ನೋಡಿದ ಅಧ್ಯಯನ, ಒಬ್ಬರಿಂದೊಬ್ಬರಿಗೆ ಕಾಣುವ ವ್ಯತ್ಯಾಸದಲ್ಲಿ ಶೇ. 80ರಷ್ಟು ಪಾಲು ಜೀನುಗಳದ್ದು ಎಂದು ಲೆಕ್ಕ ಹಾಕಿತು. ಜೀನು ಅಂದರೆ ತಾಯಿಯ ಕಡೆಯದು ಮಾತ್ರವಲ್ಲ. ಗಂಡಸಿನ ವೀರ್ಯಾಣುಗಳಲ್ಲಿ ವಯಸ್ಸು ಒಂದೊಂದು ವರ್ಷ ಹೆಚ್ಚಿದಂತೆ ಸುಮಾರು ಎರಡು ಹೊಸ ಜೀನ್ ಬದಲಾವಣೆಗಳು ಸೇರುತ್ತ ಹೋಗುತ್ತವೆ ಎಂದು ಐಸ್‌ಲ್ಯಾಂಡಿನ ಕುಟುಂಬಗಳ ಅಧ್ಯಯನ 2012ರಲ್ಲಿ ತೋರಿಸಿತು. ನಮ್ಮ ಮನೆಗಳ ವಿಚಾರಣೆಯಲ್ಲಿ ಅಪ್ಪನ ವಯಸ್ಸನ್ನು ಯಾರೂ ಕೇಳುವುದಿಲ್ಲ.

ಆ ವಯಸ್ಸಿನ ಅಂಕಿಯನ್ನೇ ಹಿಡಿದು, ಇಂಥ ಸಂಖ್ಯೆಗಳನ್ನು ಓದುವುದು ಹೇಗೆಂದು ನೋಡೋಣ. 57 ಲಕ್ಷ ಮಕ್ಕಳ ದಾಖಲೆಯ ಪ್ರಕಾರ, ಐವತ್ತು ದಾಟಿದ ತಂದೆಯ ಮಗುವಿಗೆ ಆಟಿಸಂ ಸಾಧ್ಯತೆ ಇಪ್ಪತ್ತರ ಹರೆಯದ ತಂದೆಯ ಮಗುವಿಗಿಂತ ಶೇ. 66 ಹೆಚ್ಚು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಇದು 100ರಲ್ಲಿ 66 ಮಕ್ಕಳು ಎಂದಲ್ಲ. ಮೊದಲಿದ್ದ ಸಾಧ್ಯತೆ 1,000ಕ್ಕೆ 15 ಎಂದಿಟ್ಟುಕೊಂಡರೆ ಅದು 25 ಆಗುತ್ತದೆ. ಉಳಿದ 975 ಮಕ್ಕಳಿಗೆ ಆಟಿಸಂ ಇರುವುದಿಲ್ಲ. "ಎರಡು ಪಟ್ಟು", "ಶೇ. 40 ಜಾಸ್ತಿ" ಎಂದು ವಾಟ್ಸಾಪಿನಲ್ಲಿ ಬಂದದ್ದನ್ನು ನೋಡಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟರಿಂದ ಎಷ್ಟಕ್ಕೆ?

ಇನ್ನೊಂದು ಪ್ರಶ್ನೆಯೂ ಇದೆ, ಅದು ಇನ್ನೂ ಮುಖ್ಯ. ಎರಡು ಸಂಗತಿ ಜೊತೆಗೆ ಕಂಡವು ಎಂದ ಮಾತ್ರಕ್ಕೆ ಒಂದು ಇನ್ನೊಂದನ್ನು ತಂದಿತು ಎನ್ನಲಾಗದು. ಇದನ್ನು ಬಿಡಿಸಿ ನೋಡಲು ಸಂಶೋಧಕರು ಒಂದೇ ತಾಯಿಯ ಮಕ್ಕಳನ್ನು ಹೋಲಿಸುತ್ತಾರೆ. ಒಂದು ಬಸುರಿನಲ್ಲಿ ಯಾವುದೋ ಒಂದು ಮಾತ್ರೆ ತಗೊಂಡಿದ್ದಳು, ಇನ್ನೊಂದರಲ್ಲಿ ಇಲ್ಲ. ಜೀನು, ಮನೆ, ಊಟ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಆಗಲೂ ಉಳಿದರೆ ಮಾತ್ರ ಮಾತ್ರೆಯ ಮೇಲೆ ಅನುಮಾನ ಪಡಬಹುದು. ಸಿಸೇರಿಯನ್ ವಿಷಯದಲ್ಲಿ ಸ್ವೀಡನ್ನಿನ 26 ಲಕ್ಷಕ್ಕೂ ಹೆಚ್ಚು ಜನನಗಳನ್ನು 2015ರಲ್ಲಿ ಹೀಗೆ ನೋಡಿದರು. ಮೇಲ್ನೋಟಕ್ಕಿದ್ದ ನಂಟು ಅಣ್ಣತಮ್ಮ, ಅಕ್ಕತಂಗಿಯರ ಹೋಲಿಕೆಯಲ್ಲಿ ಉಳಿಯಲಿಲ್ಲ. ಬಸುರಿಯರು ಪ್ಯಾರಾಸಿಟಮಾಲ್ ನುಂಗಿದರೆ ಮಗುವಿಗೆ ಆಟಿಸಂ ಬರಬಹುದು ಎಂದು 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಆಡಿದ ಮಾತಿನಿಂದ ದೊಡ್ಡ ಗುಲ್ಲೆದ್ದಿತಲ್ಲ, ಅದರದ್ದೂ ಇದೇ ಕತೆ. 2024ರಲ್ಲಿ ಪ್ರಕಟವಾದ ಸ್ವೀಡನ್ನಿನ 24.8 ಲಕ್ಷ ಮಕ್ಕಳ ಅಧ್ಯಯನದಲ್ಲಿ ಮಾತ್ರೆ ತಗೊಂಡವರ ಮಕ್ಕಳಲ್ಲಿ ಶೇ. 1.53, ತಗೊಳ್ಳದವರಲ್ಲಿ ಶೇ. 1.33 ಆಟಿಸಂ ಕಂಡಿತ್ತು. ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ ಆ ಸಣ್ಣ ವ್ಯತ್ಯಾಸವೂ ಹೋಯಿತು. ಬಸುರಿಗೆ ಜ್ವರ ಬಂದಾಗ ಡೋಲೋದಂಥ ಪ್ಯಾರಾಸಿಟಮಾಲ್ ಮಾತ್ರೆ ಕೊಡದೆ ಬರೀ ಒದ್ದೆ ಬಟ್ಟೆ ಹಾಕಿ ಕೂರಿಸುವುದು ತಪ್ಪು. ಮೊದಲ ತಿಂಗಳುಗಳ ಜೋರು ಜ್ವರ ಮಗುವಿಗೆ ತಾನಾಗಿಯೇ ಅಪಾಯ. ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಬೇಕಾದಷ್ಟೇ ದಿನ ತಗೊಳ್ಳಲಿ; ಜ್ವರ ಯಾಕೆ ಬಂತೆಂದು ಪರೀಕ್ಷೆಯೂ ಆಗಲಿ.

ಹೆರಿಗೆಯ ತೊಂದರೆಗಳನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. "ಕೊರಳಿಗೆ ಕರುಳು ಸುತ್ತಿತ್ತು", "ಕಾಲು ಮುಂದಾಗಿ ಹುಟ್ಟಿತು", "ಮೊಲೆ ಸರಿಯಾಗಿ ಚೀಪಲಿಲ್ಲ" ಎಂಬ ಮೂರೂ ಆಟಿಸಂ ಜೊತೆ ನಂಟಿರುವ ಅಂಶಗಳ ಪಟ್ಟಿಯಲ್ಲಿವೆ. ಆದರೆ ಮಿದುಳಿನ ಬೆಳವಣಿಗೆ ಗರ್ಭದ ನಡುತಿಂಗಳಲ್ಲೇ ಬೇರೆ ದಾರಿ ಹಿಡಿದಿದ್ದರೆ, ಅಂಥ ಮಗುವಿನ ಸ್ನಾಯುಬಿಗಿ ಕಮ್ಮಿ ಇರಬಹುದು. ಆ ಮಗು ಹೊಟ್ಟೆಯಲ್ಲಿ ಸರಿಯಾಗಿ ತಿರುಗದೆ ಹೋಗಬಹುದು, ಚೀಪಲು ಸೋಲಬಹುದು. ಆಗ ಹೆರಿಗೆಯ ಕಷ್ಟವೇ ಮೊದಲ ಲಕ್ಷಣ. "ಆ ಆಸ್ಪತ್ರೆಗೆ ಹೋಗಬಾರದಿತ್ತು" ಎಂದು ವರ್ಷಗಟ್ಟಲೆ ಕೊರಗುವವರು ಇದನ್ನು ತಿಳಿದಿರಬೇಕು.

ಹಾಗಾದರೆ ಗಟ್ಟಿ ಪುರಾವೆ ಯಾವುದಕ್ಕಿದೆ? ಔಷಧಿಗಳಲ್ಲಿ ಮೊದಲ ಹೆಸರು ವ್ಯಾಲ್‌ಪ್ರೋಯೇಟ್. ಮೂರ್ಛೆ ರೋಗಕ್ಕೆ, ಕೆಲವೊಮ್ಮೆ ಮನೋರೋಗಕ್ಕೂ ಕೊಡುವ ಮಾತ್ರೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ವ್ಯಾಲ್‌ಪರಿನ್, ಎನ್ಕೊರೇಟ್ ಇತ್ಯಾದಿ ಹೆಸರಲ್ಲಿ ಸಿಗುತ್ತದೆ. ಡೆನ್ಮಾರ್ಕಿನ 2013ರ ಅಧ್ಯಯನದಲ್ಲಿ ಬಸುರಿನಲ್ಲಿ ಇದನ್ನು ತಗೊಂಡ ತಾಯಂದಿರ ಮಕ್ಕಳಲ್ಲಿ ಶೇ. 4.42, ಒಟ್ಟಾರೆ ಮಕ್ಕಳಲ್ಲಿ ಶೇ. 1.53 ಆಟಿಸಂ ಕಂಡಿತು. ಇದರ ಜೊತೆಗೆ, ತಗೊಂಡ ಹತ್ತು ಜನರಲ್ಲಿ ಸುಮಾರು ಒಬ್ಬರ ಮಗುವಿಗೆ ಬೆನ್ನುಹುರಿ, ಹೃದಯ, ತುಟಿ-ಅಂಗುಳದಂಥ ದೊಡ್ಡ ಅಂಗದೋಷ ಬರುತ್ತದೆ. ಮಾತ್ರೆಯ ಪ್ರಮಾಣ ಏರಿದಷ್ಟೂ ಅಪಾಯ ಏರುತ್ತದೆ.

ಇಲ್ಲಿ ನಮ್ಮ ಕಡೆ ಎಡವುವುದು ಎಲ್ಲಿ ಎಂದರೆ ಮದುವೆಯ ಹೊತ್ತಿಗೆ. ಹುಡುಗಿಗೆ ಫಿಟ್ಸ್ ಇದೆ ಎಂಬುದನ್ನು ಗಂಡಿನ ಕಡೆಯವರಿಗೆ ಹೇಳಿರುವುದಿಲ್ಲ. ಗಂಡನ ಮನೆಯಲ್ಲಿ ಅವಳು ಮಾತ್ರೆಯನ್ನು ಕದ್ದು ನುಂಗಬೇಕು, ಇಲ್ಲವೇ ಬಿಡಬೇಕು. ಬಿಟ್ಟರೆ ಫಿಟ್ಸ್ ಮರಳಿ ಬಂದು ಅವಳ ಜೀವಕ್ಕೇ ಸಂಚಕಾರ. ನುಂಗಿದರೆ, ಮುಟ್ಟು ನಿಂತದ್ದು ಗೊತ್ತಾಗುವಷ್ಟರಲ್ಲಿ ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವ ಹೊತ್ತು ಬಂದಿರುತ್ತದೆ. ಗರ್ಭ ಕಟ್ಟಿದ 28 ದಿನಗಳೊಳಗೆ ಆ ಕೆಲಸ ಮುಗಿಯುತ್ತದೆ. ಬದಲಿ ಮಾತ್ರೆಗಳಿವೆ: ಲೆವೆಟಿರಾಸೆಟಮ್, ಲ್ಯಾಮೋಟ್ರಿಜಿನ್. ಲ್ಯಾಮೋಟ್ರಿಜಿನ್ ಅನ್ನು ಒಮ್ಮೆಲೇ ಪೂರ್ತಿ ಕೊಡುವಂತಿಲ್ಲ. ಚರ್ಮದ ಮೇಲೆ ಅಪಾಯಕಾರಿ ದದ್ದು ಏಳದಂತೆ ವಾರ ವಾರ ಕಾದು ಏರಿಸಬೇಕು, ಹಳೆಯದನ್ನು ಮೆಲ್ಲಗೆ ಇಳಿಸಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದ ನರರೋಗ ತಜ್ಞರ ಹತ್ತಿರ ಹೋಗಬೇಕಾದದ್ದು ಮದುವೆ ಗೊತ್ತಾಗುವ ಮುಂಚೆ. ಜೊತೆಗೆ ಇಂಥವರಿಗೆ ಫೋಲಿಕ್ ಆಮ್ಲದ ಪ್ರಮಾಣವೂ ಬೇರೆ, ಸಾಮಾನ್ಯವಾಗಿ ದಿನಕ್ಕೆ 5 ಮಿ.ಗ್ರಾಂ. ಈಗಾಗಲೇ ಬಸುರಿಯಾಗಿದ್ದರೆ ಇದನ್ನು ಓದಿ ಮಾತ್ರೆ ನಿಲ್ಲಿಸಬಾರದು. ಅದೇ ವಾರ ಡಾಕ್ಟರನ್ನು ಕಾಣಬೇಕು, ಕಾಣುವತನಕ ಮಾತ್ರೆ ನಡೆಯುತ್ತಿರಬೇಕು.

ಎರಡನೆಯದು ರುಬೆಲ್ಲಾ ಎಂಬ ವೈರಸ್ ಸೋಂಕು. 1964ರಲ್ಲಿ ಅಮೆರಿಕದಲ್ಲಿ ಹಬ್ಬಿದಾಗ, ಗರ್ಭದಲ್ಲಿ ಸೋಂಕು ತಗುಲಿದ ಮಕ್ಕಳಲ್ಲಿ ಕಿವುಡು, ಕುರುಡು, ಹೃದಯದ ತೊಂದರೆಯ ಜೊತೆ ಆಟಿಸಂ ಕೂಡ ಬಹಳ ಹೆಚ್ಚಾಗಿ ಕಂಡಿತು. ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆದದ್ದು 2017ರ ಫೆಬ್ರುವರಿಯಲ್ಲಿ, 15 ವರ್ಷದೊಳಗಿನ ಮಕ್ಕಳಿಗೆ. ಅಂದರೆ 2002ಕ್ಕಿಂತ ಮೊದಲು ಹುಟ್ಟಿದ, ಈಗ ಮದುವೆ ವಯಸ್ಸಿನಲ್ಲಿರುವ ಅಥವಾ ಎರಡನೇ ಮಗುವಿನ ಯೋಚನೆಯಲ್ಲಿರುವ ಹೆಣ್ಣುಮಕ್ಕಳು ಆ ಅಭಿಯಾನದಿಂದ ಹೊರಗಿದ್ದರು. ಅವರು ಬಸುರಿಯಾಗುವ ಮುಂಚೆ ಲಸಿಕೆ ಹಾಕಿಸಿಕೊಂಡು ಒಂದು ತಿಂಗಳು ತಡೆದರೆ ಸಾಕು. ಬಸುರಿಯಾದ ಮೇಲೆ ಈ ಲಸಿಕೆ ಹಾಕುವಂತಿಲ್ಲ.

ಫೋಲಿಕ್ ಆಮ್ಲದ ವಿಷಯದಲ್ಲೂ ದಿನಾಂಕವೇ ಮುಖ್ಯ. ನಾರ್ವೆಯ 85,176 ಮಕ್ಕಳ ಅಧ್ಯಯನದಲ್ಲಿ, ಗರ್ಭ ಕಟ್ಟುವ 4 ವಾರ ಮೊದಲಿಂದ 8 ವಾರದ ನಂತರದವರೆಗೆ ಫೋಲಿಕ್ ತಗೊಂಡ ತಾಯಂದಿರ ಮಕ್ಕಳಲ್ಲಿ ತೀವ್ರ ರೂಪದ ಆಟಿಸಂ ಶೇ. 0.10, ತಗೊಳ್ಳದವರಲ್ಲಿ ಶೇ. 0.21 ಇತ್ತು. ಇದರಿಂದಲೇ ಆಟಿಸಂ ತಡೆಯಬಹುದು ಎಂದು ಸಾಬೀತಾಗಿಲ್ಲ. ಆದರೆ ಬೆನ್ನುಹುರಿಯ ದೋಷವನ್ನು ತಡೆಯುವುದು ಸಾಬೀತಾಗಿದೆ, ಖರ್ಚೂ ಕೆಲವೇ ರೂಪಾಯಿ. ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಯುವುದೇ ಎರಡು ಮೂರು ತಿಂಗಳಾದ ಮೇಲೆ. ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆಯನ್ನು ಮಗು ಬೇಕೆಂದು ಯೋಚಿಸಿದ ತಿಂಗಳಿಂದಲೇ ಶುರು ಮಾಡಬೇಕು. ನಾಲ್ಕನೇ ತಿಂಗಳಿಂದ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಇರುತ್ತದೆ. ಕನಿಷ್ಠ 180 ದಿನ ನುಂಗಬೇಕು. ಸ್ವೀಡನ್ನಿನ ಒಂದು ಅಧ್ಯಯನದಲ್ಲಿ 30 ವಾರಕ್ಕಿಂತ ಮೊದಲೇ ರಕ್ತಹೀನತೆ ಪತ್ತೆಯಾದ ತಾಯಂದಿರ ಮಕ್ಕಳಲ್ಲಿ ಆಟಿಸಂ ಶೇ. 4.9, ಉಳಿದವರಲ್ಲಿ ಶೇ. 3.5 ಇತ್ತು, ಕೊನೆಯ ತಿಂಗಳುಗಳ ರಕ್ತಹೀನತೆಗೆ ಅಂಥ ನಂಟು ಕಾಣಲಿಲ್ಲ. ಮಾತ್ರೆ ನುಂಗಿದರೂ ರಕ್ತ ಏರದಿರಲು ಸಾಮಾನ್ಯ ಕಾರಣ ಊಟದ ಹಿಂದೆಯೇ ಕುಡಿಯುವ ಚಹಾ, ಅಥವಾ ಕ್ಯಾಲ್ಸಿಯಂ ಮಾತ್ರೆಯನ್ನು ಜೊತೆಗೇ ನುಂಗುವುದು. ಎರಡಕ್ಕೂ ಎರಡು ತಾಸು ಅಂತರ ಬೇಕು. ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡರೆ ಒಳ್ಳೆಯದು. ಮಲ ಕಪ್ಪಾದರೆ ಹೆದರಿ ಬಿಡಬೇಕಿಲ್ಲ.

ಶುಗರ್, ಬಿ.ಪಿ. ಬಗ್ಗೆ ಚಿಕ್ಕದಾಗಿ. ಕ್ಯಾಲಿಫೋರ್ನಿಯಾದ ದೊಡ್ಡ ಅಧ್ಯಯನವೊಂದರಲ್ಲಿ 26 ವಾರದೊಳಗೆ ಪತ್ತೆಯಾದ ಬಸುರಿನ ಶುಗರ್‌ಗೆ ನಂಟು ಕಂಡಿತು, ನಂತರ ಪತ್ತೆಯಾದದ್ದಕ್ಕೆ ಇಲ್ಲ. ಅದಕ್ಕೇ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿಗೆ ರಕ್ತ ತೆಗೆಯುವ ಪರೀಕ್ಷೆ ಮೊದಲ ಭೇಟಿಯಲ್ಲೇ ಆಗಲಿ, 24ರಿಂದ 28 ವಾರದಲ್ಲಿ ಮತ್ತೊಮ್ಮೆ ಆಗಲಿ. 140 ಮುಟ್ಟಿದರೆ ಚಿಕಿತ್ಸೆ. ಬಿ.ಪಿ. 140/90 ಮುಟ್ಟಿದರೆ ಅದೇ ದಿನ ಡಾಕ್ಟರ ಗಮನಕ್ಕೆ ಬರಬೇಕು. ಎರಡು ಬಸುರುಗಳ ನಡುವೆ ಒಂದು ವರ್ಷವೂ ಇಲ್ಲದಿದ್ದರೆ ಆಟಿಸಂ ಸಾಧ್ಯತೆ ಏರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಹೆರಿಗೆಯಾಗಿ ಒಂದೂವರೆ ವರ್ಷ ಕಳೆದ ಮೇಲೆ ಮುಂದಿನ ಬಸುರಾದರೆ ತಾಯಿಯ ಮೈಯೂ ಸುಧಾರಿಸಿಕೊಂಡಿರುತ್ತದೆ.

ಹೊಲದ ಔಷಧಿಯ ವಿಷಯ ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡು ಜಿಲ್ಲೆಗಳಿಗೆ ಹತ್ತಿರದ್ದು. ಗರ್ಭಿಣಿಯ ಮನೆಯಿಂದ ಎರಡು ಕಿಲೋಮೀಟರಿನೊಳಗೆ ಕೆಲವು ಕೀಟನಾಶಕ, ಕಳೆನಾಶಕ ಸಿಂಪಡಿಸಿದ್ದಕ್ಕೂ ಆಟಿಸಂಗೂ ಸಣ್ಣ ನಂಟನ್ನು 2019ರಲ್ಲಿ ಕ್ಯಾಲಿಫೋರ್ನಿಯಾದವರು ತೋರಿಸಿದರು. ಕ್ಲೋರ್‌ಪೈರಿಫಾಸ್, ಗ್ಲೈಫೋಸೇಟ್ ಎರಡೂ ಆ ಪಟ್ಟಿಯಲ್ಲಿದ್ದವು. ನಮ್ಮಲ್ಲಿ ಎರಡು ಕಿಲೋಮೀಟರ್ ದೂರದ ಮಾತೇ ಇಲ್ಲ. ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆ, ಚಿತ್ರದುರ್ಗದ ಈರುಳ್ಳಿ ಹೊಲ, ಹಿರಿಯೂರು, ಹೊಸದುರ್ಗದ ದಾಳಿಂಬೆ ತೋಟಗಳಲ್ಲಿ ಔಷಧಿ ಹೊಡೆದ ಮಾರನೇ ದಿನವೇ ಹೆಂಗಸರು ಕಳೆ ತೆಗೆಯಲು ಇಳಿಯುತ್ತಾರೆ. ಬಸುರಿಯನ್ನು ಆ ಕೆಲಸದಿಂದ ಬಿಡಿಸಬೇಕು. ಡಬ್ಬಿಗಳನ್ನು ಮಲಗುವ ಕೋಣೆಯಲ್ಲಿ ಇಡಬಾರದು. ಪಂಪು ಹೊತ್ತು ಬಂದವನು ಹೊರಗೇ ಬಟ್ಟೆ ಕಳಚಿ, ಮೈ ತೊಳೆದು ಒಳಗೆ ಬರಬೇಕು. ಆ ಬಟ್ಟೆಯನ್ನು ಅವನೇ ಬೇರೆಯಾಗಿ ಒಗೆಯಬೇಕು. ಹೆಂಡತಿ ಎಲ್ಲ ಬಟ್ಟೆಯ ಜೊತೆ ಅದನ್ನೂ ಕೈಯಲ್ಲಿ ತಿಕ್ಕುವಾಗಲೇ ವಿಷ ಅವಳ ಚರ್ಮಕ್ಕೆ ಇಳಿಯುತ್ತದೆ. ಗಾಳಿಯ ಸೂಕ್ಷ್ಮ ಧೂಳಿನ ಮೇಲೂ ಇಂಥದೇ ಅನುಮಾನವಿದೆ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ದಾವಣಗೆರೆಯ ಹೆಸರಿದೆ. ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ದುಡಿಯುವ ಬಸುರಿಯರಿಗೆ ಆ ತಿಂಗಳುಗಳಲ್ಲಿ ಬೇರೆ ಕೆಲಸ ಸಿಗುವಂತೆ ಮಾಡುವುದು ಮನೆಯವರ ಜೊತೆ ಊರಿನ ಹೊಣೆಯೂ ಹೌದು.

ಇನ್ನು ಹುಟ್ಟಿದ ಮೇಲಿನದು. ಇಲ್ಲಿ ಎಲ್ಲಕ್ಕಿಂತ ತೂಕದ ಅಂಶ ದಿನ ತುಂಬದೆ ಹುಟ್ಟುವುದು. ಸ್ವೀಡನ್ನಿನಲ್ಲಿ 1973ರಿಂದ 2013ರವರೆಗೆ ಹುಟ್ಟಿದ 40 ಲಕ್ಷ ಮಕ್ಕಳ ಲೆಕ್ಕ ಹೀಗಿದೆ: 22ರಿಂದ 27 ವಾರದಲ್ಲಿ ಹುಟ್ಟಿದವರಲ್ಲಿ ಶೇ. 6.1, 28ರಿಂದ 33ರಲ್ಲಿ ಶೇ. 2.6, 34ರಿಂದ 36ರಲ್ಲಿ ಶೇ. 1.9, ದಿನ ತುಂಬಿ 39ರಿಂದ 41ರಲ್ಲಿ ಹುಟ್ಟಿದವರಲ್ಲಿ ಶೇ. 1.4. ಒಂದೇ ತಾಯಿಯ ಮಕ್ಕಳ ಹೋಲಿಕೆಯಲ್ಲೂ ಈ ನಂಟು ಬಹುಮಟ್ಟಿಗೆ ಉಳಿಯಿತು. ಹಾಗಾಗಿ ಏಳನೇ ತಿಂಗಳಲ್ಲಿ ಸೊಂಟ ನೋವು, ನೀರು ಹೋಗುವುದು, ಬಟ್ಟೆಗೆ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯಬಾರದು. 34 ವಾರದೊಳಗಿನ ಹೆರಿಗೆ ನೋವಿಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್, 6 ಮಿ.ಗ್ರಾಂನಂತೆ 12 ತಾಸಿಗೊಮ್ಮೆ ನಾಲ್ಕು ಸಲ, ಮಗುವಿನ ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ. ಜಿಲ್ಲಾ ಆಸ್ಪತ್ರೆಗೆ ಕಳಿಸುವ ಮುನ್ನವೇ ಮೊದಲ ಡೋಸ್ ಕೊಡಬೇಕು ಎಂಬುದು ಸರ್ಕಾರದ ಸೂಚನೆ. ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕೆ ಹೊರಟವರು ಇದನ್ನು ಕೇಳಿ ಹಾಕಿಸಿಕೊಳ್ಳಬೇಕು. ಎರಡೂವರೆ ಕಿಲೋಗಿಂತ ಕಮ್ಮಿ ತೂಕದ ಮಗುವನ್ನು ತಾಯಿ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವುದು ಮನೆಗೆ ಬಂದ ಮೇಲೂ ನಡೆಯಲಿ. ಅಪ್ಪ, ಅಜ್ಜಿ ಕೂಡ ಹಾಗೆ ಕಟ್ಟಿಕೊಳ್ಳಬಹುದು.

ಹುಟ್ಟಿದ ಕೂಡಲೇ ಅಳದಿದ್ದದ್ದು, ಹೊಟ್ಟೆಯಲ್ಲೇ ಕಕ್ಕ ಮಾಡಿ ಕುಡಿದದ್ದು, ಮೊದಲ ದಿನಗಳಲ್ಲಿ ಫಿಟ್ಸ್ ಬಂದದ್ದು, ಜಾಂಡೀಸ್‌ಗೆ ಲೈಟಿನಲ್ಲಿ ಇಟ್ಟದ್ದು ಇವೂ ಪಟ್ಟಿಯಲ್ಲಿವೆ. ಜಾಂಡೀಸ್ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ. ಆದರೆ ಅದು ಮಿತಿಮೀರಿದರೆ ಕಿವುಡು, ಕೈಕಾಲು ಸೆಟೆಯುವುದು ಖಂಡಿತ ಬರಬಹುದು. ಮೊದಲ 24 ತಾಸಿನಲ್ಲೇ ಹಳದಿ ಕಂಡರೆ ಅಥವಾ ಅಂಗೈ, ಅಂಗಾಲಿಗೆ ಇಳಿದಿದ್ದರೆ ಬೆಳಗಿನ ಬಿಸಿಲಿಗೆ ಹಿಡಿಯುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಾಯಿಯ ರಕ್ತ ನೆಗೆಟಿವ್, ಮಗುವಿನದು ಪಾಸಿಟಿವ್ ಆಗಿದ್ದರೆ 72 ತಾಸಿನೊಳಗೆ ತಾಯಿಗೆ ಆ್ಯಂಟಿ-ಡಿ ಇಂಜೆಕ್ಷನ್ ಆಗಬೇಕು. ಅದು ಮುಂದಿನ ಮಗುವನ್ನು ಕಾಯುತ್ತದೆ.

ತಾಯಿ ಕಾರ್ಡ್ ಮತ್ತು ಡಿಸ್ಚಾರ್ಜ್ ಚೀಟಿಯನ್ನು ಲಸಿಕೆ ಮುಗಿದ ಮೇಲೂ ಎಸೆಯಬಾರದು. ಎಷ್ಟು ವಾರಕ್ಕೆ ಹುಟ್ಟಿತು, ತೂಕ ಎಷ್ಟು, ಐದನೇ ನಿಮಿಷದ ಅಪ್ಗಾರ್ ಅಂಕ (ಮಗುವಿನ ಉಸಿರು, ಎದೆಬಡಿತ, ಬಣ್ಣ ಮುಂತಾದವನ್ನು ನೋಡಿ ಕೊಡುವ ಅಂಕ) ಎಷ್ಟು, ಪೆಟ್ಟಿಗೆಯಲ್ಲಿ ಎಷ್ಟು ದಿನ ಇಟ್ಟಿದ್ದರು, ಆಕ್ಸಿಜನ್ ಕೊಟ್ಟಿದ್ದರೇ, ಜಾಂಡೀಸ್ ಅಳೆಯುವ ಬಿಲಿರುಬಿನ್ ಅತಿ ಹೆಚ್ಚು ಎಷ್ಟಕ್ಕೆ ಹೋಗಿತ್ತು, ಕಿವಿಯ ಪರೀಕ್ಷೆ ಆಯಿತೇ ಎಂಬ ಸಾಲುಗಳಿಗೆ ಗೆರೆ ಎಳೆದಿಡಿ. ಎರಡು ವರ್ಷ ಬಿಟ್ಟು ಮಕ್ಕಳ ಡಾಕ್ಟರು ಕೇಳುವುದು ಇವನ್ನೇ. ಬಾಣಂತನ ತವರಿನಲ್ಲಿ ಆಗಿ, ಚೀಟಿ ಅಲ್ಲೇ ಟ್ರಂಕಿನಲ್ಲಿ ಉಳಿದು, ಇಲ್ಲಿ ಯಾರಿಗೂ ಏನೂ ನೆನಪಿಲ್ಲದೆ ಹೋಗುವುದೇ ಹೆಚ್ಚು.

ಲಸಿಕೆಯಿಂದ ಆಟಿಸಂ ಬರುವುದಿಲ್ಲ. 12 ಮಕ್ಕಳ ಮೇಲೆ ಬರೆದ 1998ರ ಆ ಬ್ರಿಟಿಷ್ ಪ್ರಬಂಧವನ್ನು 2010ರಲ್ಲಿ ಪತ್ರಿಕೆಯೇ ಹಿಂಪಡೆಯಿತು. 2019ರಲ್ಲಿ ಡೆನ್ಮಾರ್ಕಿನ 6,57,461 ಮಕ್ಕಳನ್ನು ನೋಡಿದಾಗಲೂ ನಂಟು ಸಿಗಲಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಪಾಯದ ಅಂಶವಿರುವ ಮಗುವನ್ನು ನೋಡುವುದು ಹೇಗೆ? ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗಬೇಕು. ಒಂದೂವರೆ ವರ್ಷದೊಳಗೆ ಬೇಕಾದದ್ದನ್ನು, ಕುತೂಹಲ ಹುಟ್ಟಿಸಿದ್ದನ್ನು ಬೆರಳು ಮಾಡಿ ತೋರಿಸಿ ನಿಮ್ಮ ಮುಖ ನೋಡಬೇಕು. ಎರಡು ವರ್ಷಕ್ಕೆ "ಅಮ್ಮ ಬಾ" ಎಂಬಂಥ ಎರಡು ಪದ ಕೂಡಬೇಕು. ಬಂದ ಮಾತು ನಿಂತುಹೋದರೆ ಯಾವ ವಯಸ್ಸಾದರೂ ತಡಮಾಡುವಂತಿಲ್ಲ. ದಿನ ತುಂಬದೆ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ವಯಸ್ಸನ್ನು ತಿದ್ದಿ ಲೆಕ್ಕ ಹಾಕಬೇಕು: 30 ವಾರಕ್ಕೆ ಹುಟ್ಟಿದ್ದರೆ 10 ವಾರ, ಅಂದರೆ ಸುಮಾರು ಎರಡೂವರೆ ತಿಂಗಳು ಕಳೆಯಿರಿ. ಕ್ಯಾಲೆಂಡರಿನ 18 ತಿಂಗಳು ಆ ಮಗುವಿಗೆ ಹದಿನೈದೂವರೆ ತಿಂಗಳು ಮಾತ್ರ. ಇದನ್ನು ಮರೆತರೆ ಸುಮ್ಮನೆ ಗಾಬರಿಯಾಗುತ್ತದೆ.

ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯನ್ನು 16ರಿಂದ 30 ತಿಂಗಳ ನಡುವೆ ಕೇಳುತ್ತಾರೆ. 3ರಿಂದ 7 ಅಂಕ ಬಂದರೆ ಅದೇ ಪ್ರಶ್ನೆಗಳನ್ನು ಬಿಡಿಸಿ ಮತ್ತೆ ಕೇಳಬೇಕು, 8 ಅಥವಾ ಹೆಚ್ಚು ಬಂದರೆ ನೇರ ತಜ್ಞರ ಬಳಿಗೆ. ಇದು ಸೋಸುವ ಪಟ್ಟಿ, ರೋಗನಿರ್ಣಯ ಅಲ್ಲ. ಇದರ ಜೊತೆಗೆ ಕಿವಿಯ ಪರೀಕ್ಷೆ ಆಗಲೇಬೇಕು, ಯಾಕೆಂದರೆ ಕೇಳದ ಮಗುವೂ ಹೆಸರಿಗೆ ತಿರುಗುವುದಿಲ್ಲ. "ಅವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು, ಸುಮ್ನಿರು" ಎಂದು ನಾಲಿಗೆಗೆ ಬಜೆ ತಿಕ್ಕುತ್ತ ಕಳೆಯುವ ವರ್ಷ ಥೆರಪಿಗೆ ಅತ್ಯಂತ ಬೆಲೆಯುಳ್ಳ ವರ್ಷ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗ ಕೇಳಿ, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ (ಅಂಗವಿಕಲರ ಪುನರ್ವಸತಿ ಕೇಂದ್ರ) ಇದೆ. ಮಾತು, ಶ್ರವಣಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ತೊಡಕಿನ ಪ್ರಕರಣಗಳಿಗೆ ನಿಮ್ಹಾನ್ಸ್ ಇವೆ. ಥೆರಪಿ ಶುರುವಾಗಲು ಅಂತಿಮ ಹೆಸರು ಸಿಗುವವರೆಗೆ ಕಾಯಬೇಕಿಲ್ಲ.

ಮೊದಲ ಮಗುವಿಗೆ ಆಟಿಸಂ ಇದ್ದರೆ ತಮ್ಮನಿಗೋ ತಂಗಿಗೋ ಬರುವ ಸಾಧ್ಯತೆ ಐದರಲ್ಲಿ ಒಂದು; 2024ರ ಲೆಕ್ಕದಲ್ಲಿ ಶೇ. 20.2. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರಲ್ಲಿ ಇನ್ನೊಂದು ಲೆಕ್ಕವೂ ಸೇರುತ್ತದೆ. ಸೋದರಮಾವ-ಸೋದರಸೊಸೆ ಮದುವೆಯ ಮಗುವಿನಲ್ಲಿ ಸರಾಸರಿ ಎಂಟರಲ್ಲೊಂದು ಪಾಲು ಜೀನುಗಳ ಎರಡೂ ಪ್ರತಿಗಳು ಒಂದೇ ಹಿರಿಯರಿಂದ ಬಂದಿರುತ್ತವೆ. ಅದರಿಂದ ಆಟಿಸಂನಂತೆ ಕಾಣುವ ಕೆಲವು ಅಪರೂಪದ ಚಯಾಪಚಯ ರೋಗಗಳು (ಆಹಾರವನ್ನು ಮೈ ಬಳಸಿಕೊಳ್ಳುವ ರೀತಿ ಕೆಡುವ ರೋಗಗಳು) ಹೊರಬೀಳಬಹುದು. ಆದ್ದರಿಂದ ಎರಡನೇ ಬಸುರಿಗೆ ಮುಂಚೆಯೇ ಮೊದಲ ಮಗುವಿಗೆ ಕ್ರೋಮೋಸೋಮ್ ಮೈಕ್ರೋಅರೇ, ಫ್ರಜೈಲ್ ಎಕ್ಸ್ ಎಂಬ ಜೀನು ಪರೀಕ್ಷೆಗಳು, ರಕ್ತಸಂಬಂಧವಿದ್ದರೆ ಚಯಾಪಚಯದ ಪರೀಕ್ಷೆ ಮಾಡಿಸುವ ಬಗ್ಗೆ ತಳಿಶಾಸ್ತ್ರ ತಜ್ಞರನ್ನು ಕೇಳಿ. ಕಾರಣ ಸಿಕ್ಕರೆ ಮುಂದಿನ ಬಸುರಿಗೆ ಖಚಿತ ಸಲಹೆ ಸಿಗುತ್ತದೆ, ಎಷ್ಟೋ ಸಲ ಸಿಗುವುದೂ ಇಲ್ಲ. ಸಿಗಲಿ ಬಿಡಲಿ, ಕಿರಿಯ ಮಗುವನ್ನು 9, 12, 18, 24 ತಿಂಗಳಿಗೆ ತಪ್ಪದೆ ತೋರಿಸಿ. ಆ ದಿನ ಮಗುವಿನ ಜೊತೆ ಅಪ್ಪನೂ ಹೋಗಲಿ.